ಉಬ್ಬದ ಸಾನ್ನಾ

ನನ್ನ ಮಗಳಿಗೆ ಹಾಲು ಆಗುತ್ತಿರಲಿಲ್ಲ. ಒಂದು ಗುಟುಕು ಕುಡಿದರೂ ಹೊಟ್ಟೆ ಕೆಡುತ್ತಿತ್ತು. ಮೂರು ವರ್ಷದ ಮಗು ಬರಬರುತ್ತಾ ಬೇಳೆ, ತರಕಾರಿ ಯಾವುದನ್ನೂ ಬಾಯಿಗೆ ಸೇರಿಸದೆ ಕಡ್ಡಿಯಾಗಿತ್ತು. ಮೀನು, ಮೊಟ್ಟೆ ನಮ್ಮಲ್ಲಿ ಇಲ್ಲ. ಗಲ್ಫಿನಿಂದ ಬಂದವರೊಬ್ಬರು ಕೊಟ್ಟ ಚೀಸನ್ನು ಒಮ್ಮೆ ಚಪ್ಪರಿಸಿ ತಿಂದಳು. ಅದೂ ಹಾಲಿನದೇ ಅಲ್ಲವೇ? ಎರಡು ದಿನ ಒದ್ದಾಡಿದಳು. ಇದು ಎಂಬತ್ತರ ದಶಕದ ಮಾತು, ಆಗ ನಾವು ಪರ್ಕಳದಲ್ಲಿ ಬಾಡಿಗೆಗಿದ್ದೆವು.

ಮಣಿಪಾಲದ ಮಕ್ಕಳ ಡಾಕ್ಟರು ವಿದೇಶದಿಂದ ಬಂದ ಗೆಳೆಯರಿಂದ ಒಂದು ಡಬ್ಬಿ ತರಿಸಿಕೊಟ್ಟರು. ಒಳಗೆ ಹಳದಿ ಬಣ್ಣದ, ತೌಡಿನಂಥ ಪುಡಿ.

"ಇದು ಈಸ್ಟ್. ಬೇಕರಿಯದ್ದಲ್ಲ, ಇದರಲ್ಲಿ ಜೀವ ಇಲ್ಲ. ರುಚಿ ಚೀಸಿನ ಹಾಗೆ ಉಂಟು, ಪ್ರೋಟೀನ್ ಬೇಕಾದಷ್ಟು ಉಂಟು, ಹಾಲು ಮಾತ್ರ ಇಲ್ಲ" ಎಂದರು.

ಗಂಜಿಯ ಮೇಲೆ ಉದುರಿಸಿ ಕೊಟ್ಟೆ. ಮಗಳು ಬಟ್ಟಲು ನೆಕ್ಕಿದಳು. ನನಗೆ ಅಳು ಬಂತು.

ಮಳೆಗಾಲದ ತೇವಕ್ಕೆ ಪುಡಿ ಮುದ್ದೆಯಾಗದಿರಲಿ ಎಂದು ಡಬ್ಬಿಯನ್ನು ಮನೆಯೊಡತಿಯ ಫ್ರಿಜ್ಜಿನಲ್ಲಿಟ್ಟೆ. ಅವರು ಕೊಂಕಣಿ ಮಾತಾಡುವ ಕ್ರಿಶ್ಚಿಯನ್ನರು, ಗಂಡ ಕುವೈತಿನಲ್ಲಿ. ನಾವು ಅವರನ್ನು ಬಾಯಮ್ಮ ಎನ್ನುತ್ತಿದ್ದೆವು.

ಅಷ್ಟರಲ್ಲಿ ಜ್ವರ ಬಂದು ಮಗಳು ಮತ್ತೆ ಸೊರಗಿಹೋದಳು. ಡಾಕ್ಟರು ತೂಕ ನೋಡಿ ಮುಖ ಗಂಟಿಕ್ಕಿದರು. "ಮುಂದಿನ ವಾರವೂ ಏರದಿದ್ದರೆ ಅಡ್ಮಿಟ್ ಮಾಡಿ ಮೂಗಿಗೆ ನಳಿಗೆ ಹಾಕಬೇಕಾಗುತ್ತದೆ. ಆ ಪುಡಿ ಮಾತ್ರ ತಪ್ಪಿಸಬೇಡಿ."

ಬಸ್ಸಿಳಿದು ಮಗುವನ್ನು ಎತ್ತಿಕೊಂಡೇ ಬಾಯಮ್ಮನ ಅಡುಗೆಮನೆಗೆ ಹೋದೆ. ಡಬ್ಬಿ ತೊಳೆದು ಬೋರಲು ಹಾಕಿತ್ತು.

"ಬಾಯಮ್ಮ, ಇದರಲ್ಲಿದ್ದ ಪುಡಿ ಎಲ್ಲಿ?"

ಅವರು ದೊಡ್ಡ ಪಾತ್ರೆಯೊಂದರ ಮುಂದೆ ಸಪ್ಪೆ ಮುಖ ಮಾಡಿ ನಿಂತಿದ್ದರು. ಮರುದಿನ ಅವರ ತೆನೆಹಬ್ಬ. ವರ್ಷದಲ್ಲಿ ಆ ಒಂದು ಹಬ್ಬಕ್ಕೆ ಅವರದು ಮೀನು ಮಾಂಸವಿಲ್ಲದ ಊಟ, ಹಾಗಾಗಿ ನಮ್ಮನ್ನೂ ಕರೆದಿದ್ದರು. ಇಡ್ಲಿಯಂತೆ ಹಬೆಯಲ್ಲಿ ಬೇಯಿಸುವ ಸಾನ್ನಾದ ಹಿಟ್ಟು ಉಬ್ಬಲು ಅವರು ಕಳ್ಳು ಹಾಕುವುದು ವಾಡಿಕೆ.

"ಕಳ್ಳು ಹಾಕಿದರೆ ನೀವು ಮುಟ್ಟುವುದಿಲ್ಲ ಅಲ್ವಾ? ಡಬ್ಬಿಯಲ್ಲಿ ಈಸ್ಟ್ ಅಂತ ಬರೆದದ್ದು ಉಂಟು. ನಾಲ್ಕು ಚಮಚ ಹಾಕಿದೆ. ಉಬ್ಬಲಿಲ್ಲ. ಮತ್ತೆ ಹಾಕಿದೆ. ಎಂತ ಮಾಡಿದರೂ ಉಬ್ಬುವುದಿಲ್ಲ ಮಾರಾಯ್ತಿ. ನಿಮಗೆ ಬೇರೆ ಈಸ್ಟ್ ತಂದುಕೊಡುತ್ತೇನೆ, ಬೇಕರಿಯಲ್ಲಿ ಸಿಗ್ತದೆ."

ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. "ನನ್ನ ಮಗುವಿನ ಬಾಯಿಗೆ ಮಣ್ಣು ಹಾಕಿದಿರಿ!" ಎಂದು ಕಿರುಚಿದೆ. ಆ ಮಾತನ್ನು ಈಗಲೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಕೇಳದೆ ಮುಟ್ಟಿದ್ದು ತಪ್ಪೇ. ನಳಿಗೆಯ ಮಾತನ್ನೂ ಹೇಳಿದೆ. ಬಾಯಮ್ಮ ಬಿಳಚಿಕೊಂಡರು. ಪಾತ್ರೆ ಎತ್ತಿಕೊಂಡು ತೆಂಗಿನ ಬುಡಕ್ಕೆ ಚೆಲ್ಲಲು ಹೊರಟರು.

ಅವರು ಮೆಟ್ಟಿಲಿಳಿದು ಪಾತ್ರೆ ಬಗ್ಗಿಸುವಾಗ ನನಗೆ ತಟ್ಟನೆ ಹೊಳೆಯಿತು. ಡಬ್ಬಿ ಖಾಲಿಯಾಗಿದೆ ನಿಜ, ಆದರೆ ಪುಡಿ ಎಲ್ಲಿಗೂ ಹೋಗಿಲ್ಲ.

"ನಿಲ್ಲಿ! ಚೆಲ್ಲಬೇಡಿ!"

ಓಡಿಹೋಗಿ ಪಾತ್ರೆಯ ಕಂಠ ಹಿಡಿದೆ. ಒಂದಿಷ್ಟು ಹಿಟ್ಟು ಆಗಲೇ ನೆಲಕ್ಕೆ ಬಿದ್ದಿತ್ತು. ಉಳಿದದ್ದರಲ್ಲಿ ಸ್ವಲ್ಪ ಬೇಯಿಸಿದೆವು. ಚಪ್ಪಟೆಯಾದ, ಹಳದಿ, ಗಟ್ಟಿ ಬಿಲ್ಲೆಗಳು. ಮಗಳು ಮೂಸಿದಳು, ತಿರುಗಿಸಿ ನೋಡಿದಳು. ನಾವಿಬ್ಬರೂ ಅವಳ ಬಾಯಿಯನ್ನೇ ನೋಡುತ್ತಿದ್ದೆವು.

"ಚೀಸ್" ಎಂದು ಕಚ್ಚಿದಳು.

ಆ ವಾರವಿಡೀ ಹಿಟ್ಟು ಫ್ರಿಜ್ಜಿನಲ್ಲಿತ್ತು. ಬಾಯಮ್ಮ ಹೊತ್ತುಹೊತ್ತಿಗೆ ಬಿಸಿ ಸಾನ್ನಾ ತಂದು ನಮ್ಮ ಬಾಗಿಲಲ್ಲಿಟ್ಟು ಹೋಗುತ್ತಿದ್ದರು. ನಾನು ಮಾತಾಡಿಸಲಿಲ್ಲ. ತೂಕ ನೋಡುವ ದಿನ ಕರೆಯದಿದ್ದರೂ ಬಸ್ಸು ಹತ್ತಿದರು. ಮಗಳನ್ನು ತಕ್ಕಡಿಯಲ್ಲಿ ಕೂರಿಸಿದಾಗ ಗೋಡೆಯ ಕಡೆ ತಿರುಗಿ ನಿಂತರು. ಮುಳ್ಳು ಹೊಯ್ದಾಡಿ, ಹೋದ ಸಲದ ಗೆರೆ ದಾಟಿ ನಿಂತಿತು.

"ಅಡ್ಮಿಟ್ ಬೇಡ. ಇದನ್ನೇ ಮುಂದುವರಿಸಿ" ಎಂದು ಡಾಕ್ಟರು ಗೆಳೆಯರಲ್ಲಿ ಉಳಿದಿದ್ದ ಕೊನೆಯ ಡಬ್ಬಿಯನ್ನು ಮೇಜಿನ ಮೇಲಿಟ್ಟರು. ನನ್ನ ಕಂಕುಳಲ್ಲಿ ಮಗು. ಬಾಯಮ್ಮನಿಗೆ ತೆಗೆದುಕೊಳ್ಳಿ ಎಂದು ಕಣ್ಣಿನಲ್ಲೇ ಹೇಳಿದೆ. ಅವರು ಎರಡೂ ಕೈಗಳನ್ನು ಬೆನ್ನ ಹಿಂದೆ ಮಾಡಿಕೊಂಡರು.

"ನನ್ನ ಕೈಗೆ ಬೇಡ. ನಿಮ್ಮ ಕೋಣೆಯಲ್ಲೇ ಇಟ್ಟುಕೊಳ್ಳಿ."

ನಾನು ಡಬ್ಬಿಯನ್ನು ಅವರ ಚೀಲಕ್ಕೆ ಹಾಕಿದೆ.

"ಫ್ರಿಜ್ಜು ಇರುವುದು ನಿಮ್ಮ ಮನೆಯಲ್ಲಿ ಅಲ್ವಾ, ಬಾಯಮ್ಮ?"