ಉಪ್ಪು ನೀರಿಗೆ ಬಿಟ್ಟ ಬಿಳಿ ರಾಡು

ಹೋದ ವಾರ ಬೆಳಗಾಂವದ ಹಿಂದವಾಡಿಯ ಕಟಿಂಗ್ ಅಂಗಡಿಯಲ್ಲಿ ಕಣ್ಣು ಮುಚ್ಚಿಕೊಂಡು ಕೂತಿದ್ದೆ. ಬಾಜೂ ಕುರ್ಚಿಯಲ್ಲಿದ್ದ ತರುಣನ ಕೂದಲಿಗೆ ಎಂಥದೋ ಬಿಸಿ ಮಷಿನ್ ಹಿಡಿದಿದ್ದರು. ಒಂದೆರಡು ಎಳೆ ಸುಟ್ಟಿರಬೇಕು, ವಾಸನೆ ಬಂತು. ನನ್ನ ಬಾಯಿಂದ ತಾನಾಗಿ "ನೈಲಾನ್" ಅಂತ ಹೊರಬಿತ್ತು. ಕಟಿಂಗ್ ಮಾಡುವವನು ಕತ್ತರಿ ನಿಲ್ಲಿಸಿ, "ಏನಂದ್ರಿ ಕಾಕಾ?" ಅಂದ. ಏನಿಲ್ಲ ಅಂದೆ. ಅವನಿಗೆ ಬಿಡಿಸಿ ಹೇಳುವ ಧೈರ್ಯವಾಗಲಿಲ್ಲ. ನಿಮಗಾದರೆ ಹೇಳಬಹುದು, ನಿಮ್ಮ ಕೈಯಲ್ಲಿ ಕತ್ತರಿ ಇಲ್ಲ.

ನಾನು ಸಾಲಿಯನ್ನು ಅರ್ಧಕ್ಕೇ ಬಿಟ್ಟು ಲೇಥ್ ಮುಂದೆ ನಿಂತವನು. ಮಾಸ್ತರರು ಕಲಿಸದೆ ಬಿಟ್ಟದ್ದನ್ನು ಕೈ, ಕಿವಿ, ಮೂಗು ಕಲಿಸಿದವು. ಹೆಸರು ಗೊತ್ತಿಲ್ಲದ ಪ್ಲಾಸ್ಟಿಕ್ ರಾಡು ಬಂದರೆ ಚಾಕುವಿನಿಂದ ಸಣ್ಣ ಸಿಪ್ಪೆ ತೆಗೆದು ಕಡ್ಡಿ ಗೀರಿ ಹಚ್ಚುತ್ತಿದ್ದೆ. ಕೂದಲು ಸುಟ್ಟ ವಾಸನೆ ಬಂದರೆ ನೈಲಾನ್. ಕಣ್ಣು ಮೂಗು ಚುರುಗುಟ್ಟಿದರೆ ಡೆಲ್ರಿನ್. ಮೇಣಬತ್ತಿ ವಾಸನೆ ಬಂದರೆ ಮೆತ್ತಗಿನ ಮಾಲು, ತಿರುಗುವ ಶಾಫ್ಟಿಗೆ ತೊಡಿಸುವ ಬಳೆ, ಅಂದರೆ ಬುಶ್, ಮಾಡಲು ಬರುವುದಿಲ್ಲ. ಉದ್ಯಮಬಾಗದ ನಮ್ಮ ಓಣಿಯಲ್ಲಿ ಯಾರಿಗೂ ಗುರುತು ಸಿಗದ ರಾಡು ಕೊನೆಗೆ ನನ್ನ ಶೆಡ್ಡಿಗೇ ಬರುತ್ತಿತ್ತು. ಅದರ ಸೊಕ್ಕು ನನಗಿತ್ತು. ಈಗಲೂ ಪೂರ್ತಿ ಇಳಿದಿಲ್ಲ. ಇನ್ನೊಂದು ಸೊಕ್ಕೂ ಇತ್ತು: ನಾನು ಕಡೆದ ಬುಶ್ ಶಾಫ್ಟಿನ ಮೇಲೆ ಬೆರಳಿಗೆ ಉಂಗುರ ಕೂತಂತೆ ಕೂಡಬೇಕು, ಅಲ್ಲಾಡಿಸಿದರೆ ಸಪ್ಪಳ ಬರಬಾರದು.

ಎರಡು ಸಾವಿರದ ಇಸವಿಯ ಹಿಂದುಮುಂದು ಇರಬೇಕು, ಖಂಡೇನವಮಿಯ ದಿನ. ಲೇಥಿಗೆ ಚೆಂಡು ಹೂವಿನ ಮಾಲೆ ಬಿದ್ದಿತ್ತು. ಚಾಕು, ಗರಗಸ, ಕಾನಸು ಎಲ್ಲ ಕುಂಕುಮ ಹಚ್ಚಿಸಿಕೊಂಡು ದೇವಿಯ ಫೋಟೋದ ಮುಂದೆ ಮಲಗಿದ್ದವು. ಪೂಜೆ ಮುಗಿದ ಹೊತ್ತಿಗೆ ಖಾನಾಪುರದ ಪದ್ಮಕ್ಕ ಬಂದರು. ಅಲ್ಲಿ ಅವಲಕ್ಕಿ ಗಿರಣಿ ನಡೆಸುವ ಜೈನರ ಮನೆಯವರು. ಹಳೆಯ ಟಾವೆಲ್ಲಿನಲ್ಲಿ ಸುತ್ತಿ ಗೇಣುದ್ದದ ಬಿಳಿ ರಾಡು ತಂದಿದ್ದರು. ಅವರ ಯಜಮಾನರು ಎಂದೋ ಗುಜರಿಯಲ್ಲಿ ಕೊಂಡದ್ದಂತೆ. ಏನೆಂದು ಕೊಂಡಿರಿ ಅಂದರೆ ಅವರಿಗೇ ನೆನಪಿಲ್ಲವಂತೆ.

ಅವರ ಅಡಚಣೆ ಹೀಗಿತ್ತು. ಅವಲಕ್ಕಿಗೆ ಭತ್ತವನ್ನು ಬಿಸಿ ನೀರಿನಲ್ಲಿ ನೆನೆಸುವ ತೊಟ್ಟಿಯೊಳಗೆ ಭತ್ತ ತಿರುವಲು ಒಂದು ಶಾಫ್ಟು ಇರುತ್ತದೆ. ಅದರ ಕೆಳಗಿನ ಬುಶ್ ಸದಾ ನೀರಿನಲ್ಲೇ. ಯಾರೋ ಮಾಡಿಕೊಟ್ಟಿದ್ದ ನೈಲಾನ್ ಬುಶ್ ನೀರು ಕುಡಿದು ಉಬ್ಬಿ ಶಾಫ್ಟನ್ನು ಹಿಡಿದುಬಿಟ್ಟಿತ್ತು. ತೊಟ್ಟಿ ತುಂಬ ದೀಪಾವಳಿ ಹಂಗಾಮಿನ ಮೊದಲ ಭತ್ತ. ಮನೆಮಂದಿ ಕೋಲು ಹಿಡಿದು ತಿರುವುತ್ತಿದ್ದರು, ತಳಕ್ಕೆ ಕೋಲು ಮುಟ್ಟುತ್ತಿರಲಿಲ್ಲ. ತಳದ್ದಕ್ಕೆ ಹುಳಿ ಹತ್ತಿದರೆ ಇಡೀ ತೊಟ್ಟಿ ಎಮ್ಮೆಗಳ ಪಾಲು. ತೆಗೆದು ಒಣಗಲು ಹಾಸೋಣ ಅಂದರೆ ಮಳೆ ಬಿಟ್ಟಿರಲಿಲ್ಲ. ಹಬ್ಬಕ್ಕೆ ಅಂಗಡಿ ಮುಚ್ಚಿದ್ದರಿಂದ ಬೇರೆ ರಾಡು ಸಿಗುವಂತಿರಲಿಲ್ಲ.

ಲೇಥ್ ಚಾಲೂ ಮಾಡಿ ಅಂತ ಅವರು ಕೇಳಲಿಲ್ಲ. ಅವರ ಗಿರಣಿಗೂ ಅವತ್ತು ಅದೇ ಪೂಜೆ. ಈ ರಾಡು ನಡೆಯುತ್ತದೋ ಇಲ್ಲವೋ ಅಷ್ಟನ್ನು ಈಗಲೇ ಹೇಳಿ, ನಡೆಯದಿದ್ದರೆ ಮನೆಗೆ ಫೋನ್ ಮಾಡಿ ತೊಟ್ಟಿ ಬರಿದು ಮಾಡಿಸಿ ಉಳಿದಷ್ಟು ಉಳಿಸಿಕೊಳ್ಳುತ್ತೇನೆ ಅಂದರು. ನಾಳೆ ನೋಡೋಣ ಅನ್ನುವ ಮಾತು ನನ್ನ ಬಾಯಲ್ಲಿ ಬರುವಂಥದ್ದಲ್ಲ. ಆದರೆ ಸಿಪ್ಪೆ ತೆಗೆಯಲು ಪೂಜೆಗಿಟ್ಟ ಚಾಕು ಅವತ್ತು ಮುಟ್ಟುವಂತಿಲ್ಲ. ಊದಬತ್ತಿ, ಕರ್ಪೂರ, ಲೋಬಾನದ ಹೊಗೆಯಲ್ಲಿ ಮೂಗಿಗೂ ರಜೆ.

ಆಗ ಅಪ್ಪ ನೆನಪಾದ. ಜಾಂಬೋಟಿ ಕಡೆ ಗದ್ದೆ ಮಾಡುವಾಗ ಅವನು ಬೀಜದ ಭತ್ತವನ್ನು ಉಪ್ಪು ನೀರಿಗೆ ಹಾಕಿ ಜೊಳ್ಳು ತೆಗೆಯುತ್ತಿದ್ದ. ತತ್ತಿ ತೇಲಿದರೆ ಉಪ್ಪು ಸಾಕು ಅಂತ ಅರ್ಥ. ನೈಲಾನ್ ಹಗುರ, ಡೆಲ್ರಿನ್ ಭಾರ, ಉಪ್ಪು ನೀರಿನಲ್ಲಿ ನೈಲಾನ್ ತೇಲುತ್ತದೆ ಅಂತ ಮಾಲಿನ ಅಂಗಡಿಯವನೊಬ್ಬ ಎಂದೋ ಹೇಳಿದ್ದ. ಎರಡನ್ನೂ ಕೂಡಿಸಿದೆ. ಪೂಜೆಯ ದಿನ ಶೆಡ್ಡಿನಲ್ಲಿ ತತ್ತಿ ಬೇಡವೆಂದು ಬಟಾಟಿ ತಂದೆ.

ಅಗಲ ಬೋಗುಣಿಯಲ್ಲಿ ಮೊದಲು ಬರೀ ನೀರು. ರಾಡು ಮುಳುಗಿತು. ಮೆತ್ತಗಿನ ಮಾಲಾಗಿದ್ದರೆ ತೇಲುತ್ತಿತ್ತು. ಹಾಗಾಗಿ ಬುಶ್ ಮಾಡಲು ಬರುತ್ತದೆ, ತೊಟ್ಟಿ ಬರಿದು ಮಾಡುವುದು ಬೇಡ ಅಂದೆ. ಇನ್ನು ಉಳಿದದ್ದು ಬಿಗಿ ಮಾಡಬೇಕೋ ಸಡಿಲ ಮಾಡಬೇಕೋ ಅನ್ನುವುದು. ಡೆಲ್ರಿನ್ ನೀರು ಕುಡಿಯುವುದಿಲ್ಲ, ಬಿಗಿಯಾಗಿಯೇ ಕಡೆಯಬೇಕು. ನೈಲಾನ್ ಬಿಗಿ ಮಾಡಿದರೆ ಮತ್ತೆ ಹಿಡಿದುಕೊಳ್ಳುತ್ತದೆ. ಹರಳುಪ್ಪು ಸುರಿದು ತಿರುವಿದೆ. ಬಟಾಟಿ ತೇಲಿತು. ರಾಡು ತಳ ಬಿಟ್ಟು ಏಳಲಿಲ್ಲ.

"ಡೆಲ್ರಿನ್ ಐತ್ರೀ ಅಕ್ಕಾರ. ನಾಳೆ ಟೈಟ್ ಮಾಡಿ ಕೊಡ್ತೀನಿ."

ನಾನು ಒಮ್ಮೆ ಹೇಳಿದ್ದನ್ನು ಎರಡನೇ ಸಲ ನೋಡುವ ಮನುಷ್ಯನಲ್ಲ. ಪದ್ಮಕ್ಕ ಮಾತ್ರ ಬಟಾಟಿಯನ್ನೇ ನೋಡುತ್ತಿದ್ದರು. ಇದು ಯಾಕೆ ಅಂತ ಕೇಳಿದರು. ಹೇಳಿದೆ. ಅವರ ಮನೆಯಲ್ಲೂ ಬೀಜಕ್ಕೆ ಉಪ್ಪು ನೀರು ಮಾಡುತ್ತಾರಂತೆ. ಆದರೆ ಜೈನರ ಆ ಮನೆಯೊಳಗೆ ತತ್ತಿಯೂ ಬರುವುದಿಲ್ಲ, ನೆಲದೊಳಗೆ ಬೆಳೆಯುವ ಬಟಾಟಿಯೂ ಬರುವುದಿಲ್ಲ.

"ನಾವು ಉಪ್ಪು ಕರಗೂದು ಬಿಡೂತನಕಾ ಹಾಕ್ತೀವ್ರಿ ಮಿಸ್ತ್ರಿ. ನಿಮ್ಮ ನೀರಿಗೆ ಇನ್ನೂ ಹಸಿವಿ ಐತಿ."

ಅಷ್ಟು ಉಪ್ಪಿಗೆ ಒಳ್ಳೆ ಭತ್ತವೂ ತೇಲೀತಲ್ಲ ಅಂದೆ.

"ತೇಲ್ತಾವು. ತೇಲಿದ್ದು ಅವಲಕ್ಕಿಗೆ, ಮುಳುಗಿದ್ದಷ್ಟ ಬೀಜಕ್ಕ. ಗಿರಣಿ ಇದ್ದವ್ರಿಗೆ ಲುಕ್ಸಾನ ಏನೈತಿ?"

ನಕ್ಕೆ. ಬೀಜಕ್ಕೆ ಆ ಲೆಕ್ಕ ಸರಿಯೋ ತಪ್ಪೋ ನನಗೆ ಇಂದಿಗೂ ಗೊತ್ತಿಲ್ಲ. ಗಿರಾಕಿಯ ಮನಸ್ಸು ಯಾಕೆ ಮುರಿಯಬೇಕೆಂದು ಚೀಲದಲ್ಲಿ ಉಳಿದ ಉಪ್ಪನ್ನೂ ಸುರಿದು ತಿರುವುತ್ತ ಕೂತೆ. ಕೈ ಸೋತಿತು. ಉಪ್ಪು ತಳದಲ್ಲಿ ಉಳಿಯತೊಡಗಿತು. ಆಗ ರಾಡಿನ ಒಂದು ತುದಿ ಎದ್ದಿತು. ಸ್ವಲ್ಪ ಹೊತ್ತಿಗೆ ಇಡೀ ರಾಡು ಮೇಲೆ ಬಂದು ಬಟಾಟಿಗೆ ತಾಗಿ ನಿಂತಿತು.

ಪದ್ಮಕ್ಕ ನನ್ನ ಮುಖ ನೋಡಲಿಲ್ಲ. ಅದು ಅವರ ದೊಡ್ಡತನ ಅಂತ ನನಗೆ ಹೊಳೆದದ್ದು ಆಮೇಲೆ. ರಾಡು ನೋಡುತ್ತಲೇ, "ಹಂಗಾದ್ರ ಇದೂ ಉಬ್ಬತೈತೇನ್ರಿ?" ಅಂದರು.

"ಉಬ್ಬತೈತಿ," ಅಂದೆ.

ಮರುದಿನ ಬೆಳಿಗ್ಗೆ ಪೂಜೆ ಇಳಿಸಿ ಲೇಥ್ ಹಚ್ಚಿದೆ. ಬೇಕೆಂದೇ ಸಡಿಲ ಕಡೆಯುವುದು ಎಂಥ ಕಷ್ಟ ಅಂತ ಅವತ್ತು ತಿಳಿಯಿತು. ಕೈ ತನ್ನ ಚಟದಂತೆ ಬಿಗಿಯ ಹತ್ತಿರ ನಿಲ್ಲುತ್ತಿತ್ತು, ಅದನ್ನು ಮುಂದಕ್ಕೆ ದಬ್ಬಬೇಕಿತ್ತು. ಬೇರೆ ಯಾರಾದರೂ ಕೂಡಿಸಿದರೆ ನನ್ನ ಹೆಸರು ಕೆಡುತ್ತದೆಂದು, ಬುಶ್ ಒಯ್ಯಲು ಮತ್ತೆ ಬಂದಿದ್ದ ಪದ್ಮಕ್ಕನ ಜೊತೆ ನಾನೇ ಬಸ್ ಹತ್ತಿದೆ.

ಖಾನಾಪುರದಲ್ಲಿ ಪದ್ಮಕ್ಕನ ಮೈದುನ ಬುಶ್ಶನ್ನು ತೊಟ್ಟಿಯಿಂದ ಮೇಲೆತ್ತಿಟ್ಟಿದ್ದ ಶಾಫ್ಟಿಗೆ ಹಾಕಿ ಗಡಗಡ ಅಲ್ಲಾಡಿಸಿದ. "ಬೆಳಗಾಂವದ ಮಿಸ್ತ್ರಿ ಅಂದ್ರ ಇಷ್ಟಽ ಏನ್ರಿ? ಮಮ್ಮಗನ ಕಾಲಾಗ ಅಜ್ಜನ ಬೂಟು ಆಗೈತಲ್ಲ," ಅಂದ. ಕೂಡಿದ್ದವರು ನಕ್ಕರು. ನಾನು ಶಾಫ್ಟಿನ ತುದಿ ಒರೆಸುತ್ತ ನಿಂತೆ. ಪದ್ಮಕ್ಕ, "ಅವ್ರು ತಿಳದಽ ಮಾಡ್ಯಾರ, ಹಾಕು," ಅಂದರು.

ಶಾಫ್ಟು ತಿರುಗಿತು. ತೊಟ್ಟಿಯ ತಳದಿಂದ ಲಟಲಟ ಸಪ್ಪಳ. ನಾನು ಕಡೆದ ಸಾಮಾನಿನಿಂದ ಅಂಥ ಸಪ್ಪಳ ಅದಕ್ಕೂ ಮುಂಚೆ ಕೇಳಿರಲಿಲ್ಲ. ಗೋಡೆಗೆ ಒರಗಿ ಕೂತೆ. ಊಟಕ್ಕೆ ಕರೆದರು, ತಾಟನ್ನು ಅಲ್ಲಿಗೇ ತರಿಸಿಕೊಂಡೆ. ಬಿಸಿ ನೀರು ಕುಡಿಯುತ್ತ ಕುಡಿಯುತ್ತ ನೈಲಾನ್ ಒಳಗೊಳಗೆ ಕೂಡಿಕೊಂಡಿತು. ಇಳಿಹೊತ್ತಿಗೆ ಸಪ್ಪಳ ಸಣ್ಣಗಾಯಿತು. ದೀಪ ಹಚ್ಚುವ ಹೊತ್ತಿಗೆ ಭತ್ತ ತಿರುಗುವ ಸರಸರ ಒಂದೇ ಕೇಳುತ್ತಿತ್ತು. ತಳದಿಂದ ಮೇಲೆ ಬಂದ ಭತ್ತವನ್ನು ಪದ್ಮಕ್ಕ ಬೊಗಸೆಯಲ್ಲಿ ಹಿಡಿದು ಮೂಸಿದರು. ಆಮೇಲೆ ನನ್ನ ಮುಂದೂ ಹಿಡಿದರು. ಹುಳಿ ಹತ್ತಿರಲಿಲ್ಲ.

ಈಗ ರಾಡುಗಳು ಹೆಸರು ಬರೆಸಿಕೊಂಡೇ ಬರುತ್ತವೆ, ಮೂಗಿಗೆ ಕೆಲಸ ಕಡಿಮೆ. ಮೊನ್ನೆ ಹಿಂಡಲಗಾದ ಒಬ್ಬ ಗಿರಾಕಿ ನೈಲಾನ್ ಬುಶ್ ಒಂದನ್ನು ಮೇಜಿನ ಮೇಲೆ ಕುಕ್ಕಿ, ಹೊಸಾದು, ಹಾಕಿದರೆ ಅಲ್ಲಾಡುತ್ತದೆ, ಇದನ್ನು ಮಾಡಿದವನಿಗೆ ಕೆಲಸ ಬರುವುದಿಲ್ಲ, ನೀವು ಬೇರೆಯದನ್ನು ಟೈಟ್ ಮಾಡಿಕೊಡಿ ಅಂದ. ಅದು ಬೇರೆ ಶೆಡ್ಡಿನ ಕೆಲಸ. ಹೌದು, ಅವನಿಗೆ ಬರುವುದಿಲ್ಲ ಅನ್ನುವುದು ನನಗೆ ಎಷ್ಟು ಸುಲಭವಿತ್ತು ಅಂತ ನಿಮಗೆ ಗೊತ್ತಾಗಿರಬೇಕು. ಇದು ಒಣ ಜಾಗದಲ್ಲಿ ಇರುತ್ತದೋ ನೀರಿನಲ್ಲೋ ಅಂತ ಕೇಳಿದೆ. ಅವನು ತಲೆ ಕೆರೆದುಕೊಂಡು, ನೀರಿನಲ್ಲಿ ಅಂದ.

"ಹಂಗಾದ್ರ ಮಾಡಿದವಗ ಕೆಲಸಾ ಬರತೈತ್ರಿ," ಅಂದೆ. "ಒಯ್ದು ಹಾಕ್ರಿ. ಒಂದಿನ ತಡೀರಿ."