ಉಡಿಯಲ್ಲಿ ಬಂದ ಅಕ್ಕಿ

ನೆರವು ಕೊಡಲು ಹೋದ ಮನೆಯಲ್ಲಿ ಏನನ್ನೂ ತೆಗೆದುಕೊಳ್ಳಬಾರದು, ಕಾಫಿಯನ್ನು ಕೂಡ. ರಾಯದುರ್ಗದ ನಮ್ಮ ಮಹಿಳಾ ಸಂಘಕ್ಕೆ ಈ ನಿಯಮ ಬರೆದುಕೊಟ್ಟವಳು ನಾನೇ.

ಭೈರವಾನಿತಿಪ್ಪದ ಹತ್ತಿರದ ಊರಲ್ಲಿ ಗಾರೆ ಕೆಲಸದವನೊಬ್ಬ ಕಾಲು ಮುರಿದುಕೊಂಡು ಮಲಗಿದ್ದ. ಅಕ್ಕಿ ಚೀಲ ಇಳಿಸಿ, ಪುಸ್ತಕದಲ್ಲಿ ಅವನ ಹೆಂಡತಿಯ ಸಹಿ ಹಾಕಿಸಿಕೊಂಡು ಹೊರಟೆ. ಅವಳು ಬಾಗಿಲಿಗೆ ಅಡ್ಡ ನಿಂತಳು.

"ಉಡಿ ತುಂಬಿಸ್ಕೊಂಡು ಹೋಗ್ರಿ ಅಮ್ಮಾ. ಮುತ್ತೈದೇರನ್ನ ಬರಿಗೈಲೆ ಕಳ್ಸಂಗಿಲ್ರಿ."

"ಬೇಡಮ್ಮಾ, ನಮ್ಮ ಸಂಘದಾಗ ನಿಯಮ ಐತಿ."

"ನಮ್ಮನ್ಯಾಗೂ ಐತ್ರಿ. ನಿಮ್ದೇ ನಡೀಬೇಕಂದ್ರ ಚೀಲಾನೂ ಒಯ್ರಿ."

ಮಲಗಿದ್ದ ಗಂಡ ನಕ್ಕ. "ಸುಮ್ನ ಸೆರಗು ಒಡ್ರಿ ಅಮ್ಮಾ. ಮದುವಿ ಆದಾಗಿಂದ ನಾನೂ ಸೋಲಾಕತ್ತೀನಿ."

ಇಬ್ಬರು ಮಕ್ಕಳು ಚೀಲವನ್ನೇ ನೋಡುತ್ತಿದ್ದರು. ನಾನು ಸೆರಗು ಒಡ್ಡಿದೆ. ಮನೆಯಲ್ಲಿ ಬೇರೆ ಅಕ್ಕಿ ಇರಲಿಲ್ಲ. ನಾನು ತಂದ ಚೀಲವನ್ನೇ ಬಿಚ್ಚಿ ಐದು ಬೊಗಸೆ ಹಾಕಿದಳು, ಕುಂಕುಮ ಹಚ್ಚಿದಳು. ಆಮೇಲೆಯೇ ಚೀಲವನ್ನು ಒಳಗೆ ಎಳೆದುಕೊಂಡಳು.

ಆ ಅಕ್ಕಿಯಿಂದ ಪಾಯಸ ಮಾಡಿದೆ. ಯಾರ ಮನೆಯ ಉಡಿಯಕ್ಕಿ ಎಂದು ಸೊಸೆ ಕೇಳಿದಳು. ನೆರವು ಕೊಟ್ಟು ಬಂದ ಮನೆಯದು ಎನ್ನಲು ನಾಚಿಕೆಯಾಗಿ, ತವರಿನದು ಎಂದೆ. ನನಗೆ ತವರಲ್ಲಿ ಯಾರೂ ಉಳಿದಿಲ್ಲವೆಂದು ಅವಳಿಗೆ ಗೊತ್ತು. ಅವಳು ನನ್ನ ಮುಖ ನೋಡಿ, ಎರಡನೇ ಬಟ್ಟಲು ಬಡಿಸಿಕೊಂಡಳು.