ಕೆಮ್ಮದ ಶ್ವಾಸಕೋಶ

ಅಕ್ಕ ಕೆಮ್ಮಲಿಲ್ಲ. ನಮ್ಮ ಬಂಧುಬಳಗಕ್ಕೆ ಇದರಿಂದ ಬಹಳ ನಿರಾಸೆಯಾಯಿತು.

ಅವಳ ಗುದನಾಳದ ಕ್ಯಾನ್ಸರ್ ಗೆಡ್ಡೆಯನ್ನು ಹಿಂದಿನ ವರ್ಷವೇ ಆಪರೇಷನ್ ಮಾಡಿ ತೆಗೆದಿದ್ದರು. ಗಾಯ ಮಾಯ್ದು, ದೊಡ್ಡೇರಿಯ ಮನೆಯಲ್ಲಿ ಹುಣಸೆಹಣ್ಣು ಬಡಿಯಲು ಕೂರುವಷ್ಟಾಗಿದ್ದಳು. ಆಗ ತಪಾಸಣೆಯ ಸ್ಕ್ಯಾನಿನಲ್ಲಿ ಬಲ ಶ್ವಾಸಕೋಶದಲ್ಲಿ ಎರಡು ಚುಕ್ಕೆ ಕಂಡವು. ಅದೇ ಕ್ಯಾನ್ಸರ್ ಅಲ್ಲಿಗೂ ಹಬ್ಬಿತ್ತು. ಎರಡೇ ಇರುವುದರಿಂದ ತೆಗೆಯಬಹುದು, ಮನಸ್ಸು ಮಾಡಿ ಬನ್ನಿ ಎಂದರು ಡಾಕ್ಟರು. ಅಕ್ಕ ಊರಿಗೆ ಬಂದು ಮತ್ತೆ ಹುಣಸೆಹಣ್ಣು ಬಡಿಯಲು ಕೂತಳು.

ನೋಡಲು ಬಂದವರು ಯಾರೂ ಬರಿಗೈಯಲ್ಲಿ ಬರಲಿಲ್ಲ. ಬ್ರೆಡ್ಡು ತಂದರು, ಎಳನೀರು ತಂದರು, ರೋಗಕ್ಕೆ ಕಾರಣವನ್ನೂ ತಂದರು. ಕೊಳಾಲದ ಅತ್ತೆ ಪರೀಕ್ಷೆಯನ್ನೇ ನಡೆಸಿದರು.

"ಎಲ್ಲಿ, ಒಂದ್ಸಲ ಕೆಮ್ಮಮ್ಮ, ನೋಡಾನ."

"ಕೆಮ್ಮೇ ಬರಲ್ಲ ಕಣತ್ತೆ."

"ಕೆಮ್ಮೇ ಇಲ್ದೆ ಅದೆಂಥಾ ಶ್ವಾಸಕೋಸ? ನಿನ್ ಗಂಡನ ಬೀಡಿ ಹೊಗೆನೇ ಇದು, ಬರ್ಕೋ."

ಭಾವ ಅಂದೇ ಬೀಡಿ ಬಿಟ್ಟು, ಹಿತ್ತಲಿನಲ್ಲಿ ಅಪರಾಧಿಯ ಹಾಗೆ ಕೂತರು. ಪಾವಗಡದ ಚಿಕ್ಕಮ್ಮ ಮಾತ್ರ ನನ್ನತ್ತ ತಿರುಗಿದಳು. "ಏಮಿರಾ ಇದಿ, ಏನ್ಲಾ ಇದು! ಕೆಳಗೆ ತೆಪ್ಪಗಿದ್ದಿದ್ದು. ಕೊಯ್ಸಿ ಗಾಳಿ ತಗುಲಿಸ್ಬುಟ್ಟೆ, ಮೇಲಕ್ಕೆ ಹತ್ತ್ಬುಡ್ತು." ಮೊದಲ ಆಪರೇಷನ್ನಿಗೆ ಹಟ ಹಿಡಿದು ಸಹಿ ಹಾಕಿದವನು ನಾನು. ಅಕ್ಕ ನನ್ನನ್ನು ನೋಡಲಿಲ್ಲ. ಅಥವಾ ನಾನೇ ಅವಳನ್ನು ನೋಡಲಿಲ್ಲ. ಈ ಭಾಗವನ್ನು ನೆನಪು ನನಗೆ ಬೇಕಾದ ಹಾಗೆ ಜೋಡಿಸಿಕೊಟ್ಟಿದೆ.

ಕೊನೆಗೆ ಬರೀ ವಿಚಾರಿಸಿಕೊಂಡು ಬರೋಣವೆಂದು ಅವಳನ್ನೂ ಭಾವನನ್ನೂ ಹೊರಡಿಸಿದೆ. ಡಾಕ್ಟರ ಮುಂದೆ ಅವಳು ಕೇಳಿದ್ದು ಒಂದೇ.

"ಕೊಯ್ಯದೆ ಬುಟ್ಟಿದ್ರೆ ಅಲ್ಲೇ ಇರ್ತಿತ್ತಾ ಸಾರ್?"

ಇಲ್ಲವಂತೆ. ಕಣ್ಣಿಗೆ ಕಾಣದ ಕಣಗಳು ಬಹುಶಃ ಆಪರೇಷನ್ನಿಗೆ ಮೊದಲೇ ರಕ್ತ ಸೇರಿ ಹೊರಟಿದ್ದವು. ಕರುಳಿನ ರಕ್ತ ಸಾಮಾನ್ಯವಾಗಿ ಮೊದಲು ಯಕೃತ್ತಿಗೆ ಹೋಗುತ್ತದೆ. ಗುದನಾಳದ ಕೆಳಭಾಗದ್ದಕ್ಕೆ ಮಾತ್ರ ಹೃದಯದ ಮೂಲಕ ನೇರ ಶ್ವಾಸಕೋಶಕ್ಕೆ ಬೈಪಾಸು. ಅಲ್ಲಿನ ಸಣ್ಣ ನಾಳಗಳಲ್ಲಿ ಸಿಕ್ಕಿಕೊಂಡ ಕಣಗಳು ತಿಂಗಳುಗಟ್ಟಲೆ ಸದ್ದಿಲ್ಲದೆ ಬೆಳೆಯಬಲ್ಲವು. ಗೆಡ್ಡೆ ಬಿಟ್ಟಿದ್ದರೆ ಇನ್ನಷ್ಟು ಹೊರಡುತ್ತಿದ್ದವು. ಬೀಡಿಗೂ ಇದಕ್ಕೂ ಸಂಬಂಧವಿಲ್ಲ. ಡಾಕ್ಟರು ರಿಪೋರ್ಟಿನ ಹಿಂಬದಿ ಚಿತ್ರ ಬರೆದು ತೋರಿಸಿದರು ಎಂದು ಬರೆಯಲಿದ್ದೆ. ಈಗ ತೆಗೆದು ನೋಡಿದರೆ ಅದು ಖಾಲಿ.

ನನ್ನ ಎದೆ ಹಗುರಾಯಿತು. ಎಂಥ ಒಳ್ಳೆಯ ತಮ್ಮ! ಚುಕ್ಕೆ ಅವಳ ಎದೆಯಲ್ಲಿ, ಖುಲಾಸೆ ನನಗೆ. ಭಾವನಿಗೂ ಖುಲಾಸೆ, ಅವರು ಆಗಲೇ ಆಸ್ಪತ್ರೆಯ ಗೇಟಿನಾಚೆ ಬಾಯಿಗೆ ಬೀಡಿಯಿಟ್ಟು ಬೆಂಕಿಪೊಟ್ಟಣಕ್ಕಾಗಿ ಜೇಬು ತಡಕುತ್ತಿದ್ದರು.

"ಹೋಗ್ಲಾ, ಅದನ್ನ ಕಿತ್ಕೊಂಡ್ ಬಾ," ಎಂದಳು ಅಕ್ಕ. "ಕ್ಯಾನ್ಸರ್ ಇದ್ರಿಂದ ಬರ್ಲಿಲ್ಲ ಅಂದ್ರು, ಸೇದು ಅಂದ್ರಾ?"

ಕಿತ್ತುಕೊಂಡು ಬರುವಷ್ಟರಲ್ಲಿ ಆಪರೇಷನ್ನಿನ ಒಪ್ಪಿಗೆಯ ಹಾಳೆ ಅವಳ ಮುಂದಿತ್ತು. ನಾನು ಅಭ್ಯಾಸಬಲದಿಂದ ಪೆನ್ನು ತೆಗೆದೆ.

"ಹೋದ್ಸಲ ನೀನಾಕಿ ಬೈಸ್ಕೊಂಡೆ. ಕೊಡಿಲ್ಲಿ."

ದಪ್ಪ ಅಕ್ಷರದಲ್ಲಿ ಹೆಸರು ಬರೆದಳು. ಬರೆಯುವಾಗ ನಕ್ಕಳೆಂದು ನನ್ನ ನೆನಪು. ಗೆರೆ ಕಾಣದೆ ಕಣ್ಣು ಕಿರಿದು ಮಾಡಿದ್ದಳು ಅಷ್ಟೇ, ಎನ್ನುತ್ತಾರೆ ಭಾವ.